ಎಲ್ಲಿಂದ ಬಂದ ಇಲಿ ಇದು?

(ಸಾಕು ಇಲಿಗಳ ಆರೋಗ್ಯ ಮತ್ತು ವಸತಿ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲಿ ಸಾಕಲು ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: ಎಷ್ಟು ದೊಡ್ಡ ಪಂಜರ ಬೇಕು, ಏನು ತಿನ್ನಿಸಬೇಕು. ಎರಡಕ್ಕೂ ಇವತ್ತು ಉತ್ತರ ಹೇಳುತ್ತೇವೆ. ಅದಕ್ಕೂ ಮೊದಲು ವಿಚಾರಿಸಬೇಕಾದ್ದು ಇನ್ನೊಂದಿದೆ. ಈ ಇಲಿ ಎಲ್ಲಿಂದ ಬಂತು? ಪೆಟ್ ಅಂಗಡಿಯಿಂದಲೋ, ಹಾವಿಗೆ ಆಹಾರವೆಂದು ರಾಶಿಯಾಗಿ ಬೆಳೆಸಿದ ಕಡೆಯಿಂದಲೋ, ಮನೆಯಲ್ಲಿ ಮರಿ ಮಾಡಿಸುವವರಿಂದಲೋ, ಸಂಶೋಧನಾಲಯದಿಂದಲೋ, ಅಥವಾ ಅಟ್ಟದ ಮೇಲೆ ಸಿಕ್ಕ ಅನಾಥ ಮರಿಯೋ? ಇಲಿ ತನ್ನ ಜೊತೆ ಯಾವ ರೋಗಾಣು ತರುತ್ತದೆ, ಯಾವುದಕ್ಕೆ ಸುಲಭವಾಗಿ ಬಲಿಯಾಗುತ್ತದೆ, ಹೊಟ್ಟೆಯಲ್ಲಿ ಮರಿ ಇದೆಯೋ ಇಲ್ಲವೋ, ಇದೆಲ್ಲ ನಿಂತಿರುವುದು ಆ ಉತ್ತರದ ಮೇಲೆ.

ನಾವಿಲ್ಲಿ ಮಾತಾಡುತ್ತಿರುವುದು 20ರಿಂದ 40 ಗ್ರಾಂ ತೂಗುವ ಚಿಕ್ಕ ಇಲಿಯ ಬಗ್ಗೆ. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಮಾರುವ 300 ಗ್ರಾಂ ತೂಕದ ದೊಡ್ಡ ಬಿಳಿ ಇಲಿ ಬೇರೆಯೇ ಪ್ರಾಣಿ. ಇವೆರಡನ್ನೂ ಒಂದೇ ಪಂಜರದಲ್ಲಿ ಬಿಟ್ಟರೆ ದೊಡ್ಡದು ಚಿಕ್ಕದನ್ನು ಕೊಂದುಹಾಕುತ್ತದೆ.

ಮೂಲದ ವಿಷಯ ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಯೋಗಾಲಯದ ಶುದ್ಧ ವಾತಾವರಣದಲ್ಲಿ ಬೆಳೆದ ಇಲಿಗಳ ಜೊತೆ ಪೆಟ್ ಅಂಗಡಿಯ ಇಲಿಗಳನ್ನು ಇಟ್ಟು ನೋಡಿದರು. ಫಲಿತಾಂಶ 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಕೆಲವೇ ವಾರಗಳಲ್ಲಿ ಪ್ರಯೋಗಾಲಯದ ಇಲಿಗಳ ಪೈಕಿ ಸುಮಾರು ಐದರಲ್ಲೊಂದು ಸತ್ತಿತ್ತು. ಅಂಗಡಿಯ ಇಲಿ ನೋಡಲು ಗಟ್ಟಿಮುಟ್ಟಾಗಿತ್ತು, ಆದರೆ ಅದು ಹೊತ್ತು ತಂದ ಸೋಂಕುಗಳನ್ನು ಶುದ್ಧ ವಾತಾವರಣದ ಇಲಿಗಳು ಜನ್ಮದಲ್ಲಿ ಕಂಡಿರಲಿಲ್ಲ. ಹೊಸ ಇಲಿ ತಂದ ದಿನವೇ ಹಳೆಯದರ ಪಂಜರಕ್ಕೆ ಬಿಟ್ಟು ‘ಹೊಂದಿಕೊಳ್ಳುತ್ತವೆ ಬಿಡಿ’ ಎನ್ನುವವರು ಇದೇ ಪ್ರಯೋಗವನ್ನು ಮನೆಯಲ್ಲಿ ಮಾಡುತ್ತಿದ್ದಾರೆ.

ಹಾಗೆ ನೋಡಿದರೆ ಇವೆಲ್ಲ ಒಂದೇ ಮನೆತನದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮ್ಯಾಸಚೂಸೆಟ್ಸ್‌ನ ಗ್ರಾನ್‌ಬಿಯಲ್ಲಿ ಅಬ್ಬಿ ಲಾಥ್ರಾಪ್ ಎಂಬ ಮಹಿಳೆ ಚಂದಕ್ಕೆ ಸಾಕುವವರಿಗೆಂದು ಇಲಿ ಬೆಳೆಸುತ್ತಿದ್ದರು. ಜಗತ್ತಿನ ಪ್ರಯೋಗಾಲಯಗಳಲ್ಲಿ ಈಗ ಅತಿ ಹೆಚ್ಚು ಬಳಕೆಯಲ್ಲಿರುವ ಸಿ57 ಬ್ಲ್ಯಾಕ್ ತಳಿ ಹುಟ್ಟಿದ್ದು ಅವರ ಇಲಿಗಳಿಂದ. ಸ್ವಿಸ್ ಬಿಳಿ ಇಲಿಗಳದು ಬೇರೆ ಕವಲು. 1926ರಲ್ಲಿ ಕ್ಲಾರಾ ಲಿಂಚ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಿಂದ ಎರಡು ಗಂಡು, ಏಳು ಹೆಣ್ಣು ಇಲಿಗಳನ್ನು ಅಮೆರಿಕಕ್ಕೆ ತಂದರು, ಅವುಗಳ ಸಂತತಿ ಲೋಕವೆಲ್ಲ ಹರಡಿತು. ಜಾತಿ ಒಂದೇ ಆದರೂ ಬೆಳೆದ ಜಾಗ ಬೇರೆ. ಆ ಬೇರೆತನವನ್ನೇ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಂಗಡಿ ಇಲಿ ಮತ್ತು ಆಹಾರಕ್ಕೆಂದು ಬೆಳೆಸಿದ ಇಲಿಯಲ್ಲಿ ಮೂರು ಸಂಗತಿಗಳನ್ನು ಇದೆ ಎಂದೇ ಎಣಿಸಿ: ಮೈಮೇಲೆ ನುಸಿ, ಕರುಳಲ್ಲಿ ಸೂಜಿಹುಳು, ಉಸಿರಿನ ದಾರಿಯಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ. ಹೆಣ್ಣಾಗಿದ್ದರೆ ಗರ್ಭ ಧರಿಸಿದೆ ಎಂದೂ ಎಣಿಸಿ, ಏಕೆಂದರೆ ಅಲ್ಲಿ ಗಂಡು ಹೆಣ್ಣು ಒಟ್ಟಿಗೇ ಇರುತ್ತವೆ. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಪ್ರಮಾಣಪತ್ರ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಮನೆಯಲ್ಲಿ ಮರಿ ಮಾಡಿಸುವವರ ಇಲಿಗಳು ಕೈಗೆ ಹೊಂದಿಕೊಂಡಿರುತ್ತವೆ, ಆದರೆ ತಾಯಿ ತಂದೆ ಯಾವುದು, ಎಷ್ಟು ತಿಂಗಳು ಬದುಕಿದವು ಎಂದು ವಿಚಾರಿಸಿ. ಒಡಹುಟ್ಟಿದವುಗಳನ್ನೇ ಕೂಡಿಸುತ್ತ ಬಂದಿದ್ದರೆ ಗಡ್ಡೆ, ಕಡಿಮೆ ಆಯಸ್ಸು ಕಾಣಿಸುತ್ತವೆ. ಸಂಶೋಧನಾಲಯದ ಇಲಿ ಸಾಕಲು ಸಿಗುವುದು ನಮ್ಮಲ್ಲಿ ಅಪರೂಪ. ಐರೋಪ್ಯ ಒಕ್ಕೂಟದ 2010ರ ನಿರ್ದೇಶನ ಇದಕ್ಕೆ ಅವಕಾಶ ಕೊಟ್ಟಿರುವುದರಿಂದ ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಂಥ ಇಲಿ ದೊರೆಯಬಹುದು. ತಗೊಳ್ಳುವಾಗ ತಳಿಯ ಹೆಸರು ಬರೆಸಿಕೊಳ್ಳಿ. ಸಿ3ಎಚ್ ತಳಿಯ ಇಲಿಗಳಿಗೆ ಎಳೆಯ ವಯಸ್ಸಲ್ಲೇ ಕಣ್ಣು ಹೋಗುತ್ತದೆ. ಡಿಬಿಎ/2 ಮರಿಗಳಿಗೆ ಜೋರು ಸದ್ದಿಗೆ ಫಿಟ್ಸ್ ಬರುತ್ತದೆ. ಸಿ57 ಬ್ಲ್ಯಾಕ್ ಇಲಿಗಳಿಗೆ ಕೆರೆದು ಕೆರೆದು ಬೆನ್ನ ಮೇಲೆ ವ್ರಣವಾಗುವುದು ಸಾಮಾನ್ಯ.

ಇನ್ನು ಕಾಡಿನ, ಗದ್ದೆಯ, ಅಟ್ಟದ ಇಲಿ. ಇದನ್ನು ಸಾಕಬೇಡಿ. ಮಳೆಗಾಲದಲ್ಲಿ ನಮ್ಮ ಕರಾವಳಿಯನ್ನು ಕಾಡುವ ಇಲಿಜ್ವರದ ರೋಗಾಣು ಲೆಪ್ಟೋಸ್ಪೈರಾ ಇಲಿಯ ಮೂತ್ರದಲ್ಲಿ ಹೊರಬರುತ್ತದೆ, ಇಲಿ ಮಾತ್ರ ಆರಾಮಾಗಿ ಓಡಾಡಿಕೊಂಡಿರುತ್ತದೆ. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಉಣ್ಣೆಗಳು ಕಾಡಿನ ಸಣ್ಣ ಪ್ರಾಣಿಗಳ ಮೈಮೇಲೂ ಇರುತ್ತವೆ. ಅನಾಥ ಮರಿಯನ್ನು ಕರುಣೆಯಿಂದ ಎತ್ತಿಕೊಂಡರೆ ಅದನ್ನು ಸಾಕು ಇಲಿಗಳಿರುವ ಕೋಣೆಗೆ ತರಲೇಬೇಡಿ. ಬೇರೆ ಕೋಣೆ, ಬೇರೆ ಪಾತ್ರೆ, ಕೈಗೆ ಗ್ಲೌಸು.

ಹೊಸದಾಗಿ ಬಂದ ಇಲಿಯನ್ನು ಬೇರೆಯಾಗಿಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ದಿನ ಎಂದು ಕೇಳಿದರೆ ಹದಿನೈದು ದಿನ ಎನ್ನುವವರೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಅದು ಸಾಲದು, ನಾಲ್ಕು ವಾರ ಬೇಕು. ಕಾರಣ ಇದೆ. ಇಲಿಯ ಗರ್ಭದ ಅವಧಿ 19ರಿಂದ 21 ದಿನ. ತರುವ ಹಿಂದಿನ ದಿನ ಕೂಡಿದ್ದರೂ ಮೂರು ವಾರದಲ್ಲಿ ಗೊತ್ತಾಗಿಬಿಡುತ್ತದೆ. ತುಪ್ಪಳದ ನುಸಿಯ ಮೊಟ್ಟೆ ಒಡೆದು ಮತ್ತೆ ಮೊಟ್ಟೆಯಿಡುವ ಹಂತಕ್ಕೆ ಬರಲು ಮೂರು ವಾರದ ಆಸುಪಾಸು ಹಿಡಿಯುತ್ತದೆ, ಸೂಜಿಹುಳುವಿನ ಒಂದು ಸುತ್ತು ಅದರ ಜಾತಿಗೆ ತಕ್ಕಂತೆ ಎರಡರಿಂದ ಮೂರೂವರೆ ವಾರದಲ್ಲಿ ಮುಗಿಯುತ್ತದೆ. ನಾಲ್ಕು ವಾರ ಕಾದರೆ ಈ ಮೂರೂ ಬಯಲಿಗೆ ಬರುತ್ತವೆ. ಒಂಟಿಯಾಗಿ ಇಡುವುದು ಕಷ್ಟ ಅನಿಸಿದರೆ ಒಂದೇ ಕಡೆಯಿಂದ ಎರಡು ಹೆಣ್ಣಿಲಿ ತಂದು ಜೊತೆಯಾಗಿಯೇ ಇಡಿ.

ಬೇರೆಯಾಗಿಡುವುದೆಂದರೆ ಬೇರೆ ಕೋಣೆ, ಬಾಗಿಲು ಮುಚ್ಚಿದ್ದು. ಒಂದೇ ಕೋಣೆಯ ಎರಡು ಮೂಲೆಯಲ್ಲಿಟ್ಟರೆ ಸೂಜಿಹುಳುವಿನ ಹಗುರ ಮೊಟ್ಟೆ ದೂಳಿನ ಜೊತೆ ಹಾರಿ ಬರುತ್ತದೆ, ಸೀನಿನ ಹನಿಯೂ ಬರುತ್ತದೆ. ದಿನಾ ಹಳೆಯ ಇಲಿಗಳ ಕೆಲಸ ಮೊದಲು ಮುಗಿಸಿ, ಹೊಸದರ ಕೆಲಸ ಕೊನೆಗೆ. ಹೊಸದನ್ನು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆದು ಅಂಗಿ ಬದಲಿಸಿ. ನೀರಿನ ಬಾಟಲಿ, ಬಟ್ಟಲು, ಸೌಟು ಯಾವುದನ್ನೂ ಅದಲುಬದಲು ಮಾಡಬೇಡಿ.

ಕೆಲವು ಸೋಂಕು ಎಷ್ಟು ಕಾದರೂ ಕಾಣಿಸದೆ ಇರಬಹುದು. ಅವುಗಳಲ್ಲಿ ಮುಖ್ಯವಾದದ್ದು ಇಲಿಯಿಂದ ಮನುಷ್ಯರಿಗೂ ಹರಡುವ ಎಲ್‌ಸಿಎಂ ವೈರಸ್. ತಾಯಿಯ ಹೊಟ್ಟೆಯಲ್ಲೇ ಸೋಂಕಿದ ಮರಿ ಯಾವ ಲಕ್ಷಣವೂ ಇಲ್ಲದೆ ಬಹುಕಾಲ ಮೂತ್ರದಲ್ಲಿ, ಜೊಲ್ಲಿನಲ್ಲಿ ಅದನ್ನು ಹೊರಬಿಡುತ್ತಿರಬಹುದು. ಗರ್ಭಿಣಿಗೆ ತಗುಲಿದರೆ ಮಗುವಿನ ಮಿದುಳಿಗೆ, ಕಣ್ಣಿಗೆ ಹಾನಿ ಆಗಬಹುದು. ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಆ ತಿಂಗಳುಗಳಲ್ಲಿ ಹೊಸ ಇಲಿ ತರಬೇಡಿ. ಈಗಾಗಲೇ ಇದ್ದರೆ ಪಂಜರ ಶುಚಿ ಮಾಡುವ ಕೆಲಸ ಬೇರೆಯವರು ಮಾಡಲಿ, ಪಂಜರವನ್ನು ಬಸುರಿಯ ಕೋಣೆಯಿಂದ ದೂರ ಇಡಲಿ. ಈ ವಿಷಯದಲ್ಲಿ ರಾಜಿಗೆ ಜಾಗವಿಲ್ಲ.

ಈಗ ಪಂಜರದ ಮಾತು. ಲವ್‌ಬರ್ಡ್ಸ್ ಪಂಜರ ತಂದು ಇಲಿ ಬಿಟ್ಟವರು ಮಾರನೇ ದಿನ ಖಾಲಿ ಪಂಜರ ನೋಡುತ್ತಾರೆ. ಅದರ ಕಂಬಿಗಳ ನಡುವೆ ಅರ್ಧ ಇಂಚು ಸಂದಿ ಇರುತ್ತದೆ. ತಲೆಬುರುಡೆ ತೂರಿದರೆ ಸಾಕು, ಉಳಿದ ಮೈ ಹಿಂದೆಯೇ ಬರುತ್ತದೆ. ಆರು ಮಿಲಿಮೀಟರಿಗಿಂತ ಹೆಚ್ಚು ಸಂದಿ ಇರಕೂಡದು, ಎಂದರೆ ಪೆನ್ಸಿಲ್ ತೂರುವ ಜಾಗದಲ್ಲಿ ಎಳೆಯ ಇಲಿಯೂ ತೂರುತ್ತದೆ ಎಂದು ತಿಳಿಯಿರಿ.

ನಮ್ಮ ಊರುಗಳಲ್ಲಿ ಸುಲಭಕ್ಕೆ ಸಿಗುವುದು, ನಾವು ಒಪ್ಪುವುದು, ಗಾಜಿನ ಮೀನಿನ ತೊಟ್ಟಿ. ಎರಡು ಮೂರು ಹೆಣ್ಣಿಲಿಗೆ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ ಚೆನ್ನಾಗಿ ಆಗುತ್ತದೆ. ಅಗಲ 30ಕ್ಕಿಂತ ಕಡಿಮೆಯದು ಬೇಡ. ನೀರು ಸೋರುವ ಹಳೆಯ ತೊಟ್ಟಿಯಾದರೂ ನಡೆಯುತ್ತದೆ, ಬಿರುಕು ಮಾತ್ರ ಇರಬಾರದು. ಮುಚ್ಚಳ ನೀವೇ ಮಾಡಿಸಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚು ಚೌಕದ ಜಿಐ ಜಾಲರಿ ಕೇಳಿ. ಮರದ ಚೌಕಟ್ಟಿಗೆ ಜಾಲರಿಯನ್ನು ಒಳಬದಿಯಿಂದ ಹೊಡೆಸಿ, ಹೊರಬದಿಯಿಂದ ಬೇಡ. ಒಳಗೆ ಮರದ ಅಂಚು ಕಂಡರೆ ಇಲಿ ಅಲ್ಲಿಂದಲೇ ಕೊರೆಯಲು ಶುರುಮಾಡುತ್ತದೆ. ಕತ್ತರಿಸಿದ ತಂತಿಯ ಮೊನೆಗಳನ್ನು ಮಡಚಿ ಚೌಕಟ್ಟಿನ ಕೆಳಗೆ ಸೇರಿಸಬೇಕು, ಇಲ್ಲದಿದ್ದರೆ ಕಾಲು, ಕಣ್ಣಿಗೆ ಗಾಯ. ಸೊಳ್ಳೆ ಪರದೆಯ ನೈಲಾನ್ ಜಾಲರಿ ಒಂದು ರಾತ್ರಿಗೂ ಬಾಳುವುದಿಲ್ಲ. ಮುಚ್ಚಳದ ಮೇಲೆ ಕಲ್ಲು ಹೇರಿದರೆ ಸಾಲದು, ನಾಲ್ಕು ಕಡೆ ಕ್ಲಿಪ್ ಹಾಕಿಸಿ. ಬೆಕ್ಕು ಹಾರಿದಾಗ ಕಲ್ಲು ಒಳಕ್ಕೆ ಬೀಳುತ್ತದೆ.

ಗಾಜಿನ ತೊಟ್ಟಿಯ ದೋಷ ಗಾಳಿಯಾಟ. ನಾಲ್ಕು ಬದಿ ಮುಚ್ಚಿರುವುದರಿಂದ ಮೂತ್ರದಿಂದೇಳುವ ಅಮೋನಿಯಾ ಒಳಗೇ ನಿಲ್ಲುತ್ತದೆ. ಅಮೋನಿಯಾ ಶ್ವಾಸನಾಳದ ಒಳಪದರವನ್ನು ಸುಡುತ್ತದೆ, ಅಲ್ಲಿ ಅಡಗಿದ್ದ ಮೈಕೋಪ್ಲಾಸ್ಮಾ ಆಗಲೇ ತಲೆಯೆತ್ತುವುದು. ‘ಚಳಿಗೆ ಶೀತ ಆಗಿದೆ’ ಎಂದು ತರುವ ಎಷ್ಟೋ ಇಲಿಗಳ ತೊಂದರೆ ಪಂಜರದ ತಳಕ್ಕೆ ಹರಡಿದ ಹಾಸಿನ ಒದ್ದೆ ಮೂಲೆಯಲ್ಲಿರುತ್ತದೆ. ಮೂಗು ಮುಚ್ಚಳಕ್ಕೆ ಹತ್ತಿರ ತನ್ನಿ. ನಿಮಗೆ ಘಾಟು ಬಡಿದರೆ ಹಾಸಿನ ಮಟ್ಟದಲ್ಲಿ ಮೂಗಿಟ್ಟುಕೊಂಡು ಮಲಗುವ ಇಲಿಗೆ ಅದು ಎಷ್ಟೋ ಪಟ್ಟು.

ಪಂಜರ ನೆಲದ ಮೇಲೆ ಬೇಡ, ಮೇಜಿನ ಮೇಲಿರಲಿ. ಹಳೆಯ ಕಾಲದಲ್ಲಿ ಹಾಲು ತುಪ್ಪ ಇಡುವ ಸೇಫಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಹಾಗೆಯೇ ಮೇಜಿನ ನಾಲ್ಕೂ ಕಾಲಿಗೆ ಇಡಿ. ಕೆಂಜಿಗ ಇರುವೆ ಹೊಸದಾಗಿ ಹುಟ್ಟಿದ ಮರಿಗಳನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ಹಳ್ಳಿಮನೆ, ತೋಟದ ಮನೆಗಳಲ್ಲಿ ಇಲಿಯ ವಾಸನೆಗೆ ಕೇರೆ ಹಾವು ಬರುತ್ತದೆ. ಕಾಲಿಂಚಿನ ಜಾಲರಿ ಅದನ್ನೂ ತಡೆಯುತ್ತದೆ. ಚೆಲ್ಲಿದ ಕಾಳಿಗೆ ಮನೆಯ ಚಿಟ್ಟಿಲಿ ಬಂದು ಮುಚ್ಚಳದ ಮೇಲೆ ಮೂತ್ರ ಮಾಡಿ ಹೋದರೆ ನಾಲ್ಕು ವಾರ ಕಾದದ್ದೆಲ್ಲ ವ್ಯರ್ಥ. ಕಾಳನ್ನು ಸ್ಟೀಲ್ ಡಬ್ಬದಲ್ಲಿಡಿ, ರಾತ್ರಿ ಮಲಗುವ ಮುಂಚೆ ಮೇಜಿನ ಸುತ್ತ ಗುಡಿಸಿ.

ಪಂಜರದ ಹಾಸಿಗೆಂದು ಗರಗಸದ ಮಿಲ್ಲಿನ ಹೊಟ್ಟು ತರುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅದರಲ್ಲಿ ಯಾವ ಮರ ಸೇರಿದೆ ಎಂದು ಮಿಲ್ಲಿನವರಿಗೇ ಗೊತ್ತಿರುವುದಿಲ್ಲ. ದೇವದಾರು ಜಾತಿಯ ಘಮದ ಎಣ್ಣೆ ಶ್ವಾಸಕ್ಕೂ ಯಕೃತ್ತಿಗೂ ಕೆಟ್ಟದ್ದು, ಪ್ಲೈವುಡ್ ಪುಡಿಯಲ್ಲಿ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ, ನುಣ್ಣನೆಯ ದೂಳು ಯಾವುದೇ ಮರದ್ದಾದರೂ ಮೂಗಿಗೆ ಏರುತ್ತದೆ. ಭತ್ತದ ಹೊಟ್ಟು ನೀರು ಹೀರುವುದಿಲ್ಲ. ತೆಂಗಿನ ನಾರಿನ ಪುಡಿ ಒಣಗಿದರೆ ದೂಳು, ಒದ್ದೆಯಾದರೆ ಬೂಸು. ಒಳ್ಳೆಯದೆಂದರೆ ಕಂದು ರಟ್ಟು ಮತ್ತು ಕಾಗದದ ಚೂರು, ಜೊತೆಗೆ ಒಣಹುಲ್ಲು. ಹತ್ತರಿಂದ ಹದಿನೈದು ಸೆಂಟಿಮೀಟರ್ ದಪ್ಪ ಹಾಕಿ. ಹುಲ್ಲು ಸೇರಿಸಿದರೆ ಒಳಗೆ ತೋಡಿದ ಸುರಂಗ ಕುಸಿಯುವುದಿಲ್ಲ. ಭತ್ತದ ಹುಲ್ಲನ್ನು ಚೀಲಕ್ಕೆ ಕಟ್ಟಿ ಫ್ರೀಜರಿನಲ್ಲಿ ಮೂರು ದಿನ ಇಟ್ಟು, ತೆಗೆದು ಒಣಗಿಸಿ ಬಳಸಿದರೆ ಅದರಲ್ಲಿರುವ ನುಸಿ ಸಾಯುತ್ತದೆ. ಗೂಡಿಗೆ ಬಣ್ಣ ಸುವಾಸನೆ ಇಲ್ಲದ ಟಿಶ್ಯೂ ಕಾಗದ ಕೊಡಿ. ಹತ್ತಿ ಬೇಡ. ಅದರ ಎಳೆ ಮರಿಯ ಕಾಲಿಗೆ ಸುತ್ತಿಕೊಂಡು ರಕ್ತ ನಿಂತು ಕಾಲೇ ಉದುರುವುದುಂಟು.

ಇಡೀ ಪಂಜರವನ್ನು ವಾರಕ್ಕೊಮ್ಮೆ ತಿಕ್ಕಿ ತೊಳೆದು ಹೊಸ ಹಾಸು ಹಾಕುವುದು ಅತಿಶುಚಿಯ ತಪ್ಪು. ತಮ್ಮ ವಾಸನೆ ಪೂರ್ತಿ ಅಳಿದಾಗ ಇಲಿಗಳು ಹೆಚ್ಚು ಮೂತ್ರ ಸಿಂಪಡಿಸುತ್ತವೆ, ಜಗಳವಾಡುತ್ತವೆ. ಒದ್ದೆಯಾದ ಮೂಲೆಯನ್ನು ಎರಡು ದಿನಕ್ಕೊಮ್ಮೆ ತೆಗೆಯಿರಿ, ಎರಡು ಮೂರು ವಾರಕ್ಕೊಮ್ಮೆ ಮುಕ್ಕಾಲು ಭಾಗ ಹಾಸು ಬದಲಿಸಿ. ಒಣಗಿದ ಹಳೆಯ ಗೂಡಿನ ಒಂದು ಮುಷ್ಟಿಯನ್ನು ಹೊಸದಕ್ಕೆ ಸೇರಿಸಿ. ಗೂಡಿನ ಕಾಗದ ಜಗಳ ತಗ್ಗಿಸುತ್ತದೆ, ಮೂತ್ರ ಹಿಡಿದ ಹಾಸು ಜಗಳ ಹೆಚ್ಚಿಸುತ್ತದೆ, ಹಾಗಾಗಿ ಎರಡನೆಯದನ್ನು ಉಳಿಸಬೇಡಿ.

ಫಿನಾಯಿಲ್ ಹಾಕಿ ಪಂಜರ ಒರೆಸುವಂತಿಲ್ಲ. ಪಂಜರವಿರುವ ಕೋಣೆಯಲ್ಲಿ ಸೊಳ್ಳೆಬತ್ತಿ, ಸಾಂಬ್ರಾಣಿ ಹೊಗೆ, ಜಿರಳೆ ಸ್ಪ್ರೇ, ನುಸಿಗುಳಿಗೆ ಬೇಡ. ಊದುಬತ್ತಿಯನ್ನು ದೇವರ ಮನೆಯಲ್ಲೇ ಹಚ್ಚಿ, ಬಾಗಿಲು ಮುಚ್ಚಿ. ಅಡುಗೆಮನೆಯಲ್ಲಿ ಪಂಜರ ಇಟ್ಟರೆ ಮೆಣಸಿನಕಾಯಿ ಒಗ್ಗರಣೆಯ ಘಾಟು ನೇರವಾಗಿ ಅದರ ಶ್ವಾಸಕೋಶಕ್ಕೆ.

ಸೆಕೆಗೆ ಇಲಿ ಬೇಗ ಸೋಲುತ್ತದೆ. ಅದರ ಮೈ ಬೆವರುವುದಿಲ್ಲ, ನಾಯಿಯ ಹಾಗೆ ತೇಕಿ ತಣಿಸಿಕೊಳ್ಳಲೂ ಬಾರದು. 18ರಿಂದ 26 ಡಿಗ್ರಿ ಹಿತ, 30 ದಾಟಿದರೆ ಎಚ್ಚರ. ಕಲಬುರಗಿ, ರಾಯಚೂರಿನ ಏಪ್ರಿಲ್ ಮೇ ತಿಂಗಳಲ್ಲಿ ಕೂಲರ್ ಇಲ್ಲದ ಕೋಣೆಯಲ್ಲಿ ಇಲಿ ಸಾಕುವುದು ಸಾಧುವಲ್ಲ. ಚಿಕ್ಕ ಮಣ್ಣಿನ ಕುಡಿಕೆಯನ್ನು ಮಗುಚಿ ಬಾಯಿಯ ಅಂಚು ಸ್ವಲ್ಪ ಒಡೆದು ನಯ ಮಾಡಿ ಒಳಗಿಡಿ, ಹೊರಮೈಗೆ ನೀರು ಚಿಮುಕಿಸಿದರೆ ಒಳಗೆ ತಂಪು. ನೀರು ಗಡ್ಡೆ ಕಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ ಪಂಜರದ ಹೊರಗೆ ಒರಗಿಸಿ. ಇಲಿಯನ್ನೇ ನೀರಲ್ಲಿ ಅದ್ದಬೇಡಿ, ಫ್ಯಾನಿನ ನೇರ ಗಾಳಿಯೂ ಬೇಡ.

ಚಕ್ರ ಕೊಡುವುದಾದರೆ ಓಡುವ ಮೈ ಗಟ್ಟಿ ಹಾಳೆಯದಿರಲಿ. ಸರಳುಗಳ ಚಕ್ರದಲ್ಲಿ ಬಾಲ ಸಿಕ್ಕಿಕೊಳ್ಳುತ್ತದೆ. ವ್ಯಾಸ 16 ಸೆಂ.ಮೀ.ಗೆ ಕಡಿಮೆ ಬೇಡ, ಓಡುವಾಗ ಬೆನ್ನು ಮೇಲಕ್ಕೆ ಬಾಗಿದರೆ ಚಕ್ರ ಚಿಕ್ಕದಾಯಿತು ಎಂದರ್ಥ. ಅಡಗುವ ಪೆಟ್ಟಿಗೆಗೆ ಎರಡು ಬಾಗಿಲು ಇರಲಿ, ಒಂದೇ ಇದ್ದರೆ ಪೆಟ್ಟು ತಿನ್ನುವ ಇಲಿ ಒಳಗೆ ಸಿಕ್ಕಿಬೀಳುತ್ತದೆ.

ಊಟದ ಅಳತೆ ದಿನಕ್ಕೆ ಒಂದು ಇಲಿಗೆ ನಾಲ್ಕು ಐದು ಗ್ರಾಂ, ನೀರು ಸುಮಾರು ಐದು ಮಿಲಿಲೀಟರ್. ಪ್ರಯೋಗಾಲಯದ ಇಲಿಗೆ ಮಾಡುವ ಪೆಲೆಟ್ ಸಿಕ್ಕರೆ ಅದೇ ಮುಖ್ಯ ಆಹಾರವಾಗಲಿ. ಸಿಗದಿದ್ದರೆ ನವಣೆ, ಸಜ್ಜೆ, ಗೋಧಿ, ಓಟ್ಸ್, ಸ್ವಲ್ಪ ರಾಗಿ, ಜೊತೆಗೆ ವಾರಕ್ಕೆರಡು ಸಲ ಬಟಾಣಿ ಗಾತ್ರದ ಬೇಯಿಸಿದ ಮೊಟ್ಟೆ ಅಥವಾ ನಾಲ್ಕಾರು ಹುರಿಗಡಲೆ. ಸೂರ್ಯಕಾಂತಿ ಬೀಜವನ್ನೇ ಬಟ್ಟಲು ತುಂಬ ಹಾಕಿದರೆ ಅದನ್ನಷ್ಟೇ ಆರಿಸಿ ತಿಂದು ಕೊಬ್ಬುತ್ತವೆ. ಮಳೆಗಾಲದ ಕಡಲೆಕಾಯಿ ಬೀಜದ ಬಗ್ಗೆ ಹುಷಾರು, ಬೂಸು ಹಿಡಿದದ್ದರಲ್ಲಿ ಯಕೃತ್ತು ಕೆಡಿಸುವ ಅಫ್ಲಾಟಾಕ್ಸಿನ್ ಇರುತ್ತದೆ. ನೀರಿನ ಬಾಟಲಿಯ ಕೊಳವೆಯ ಗುಂಡನ್ನು ದಿನಾ ಬೆರಳಿಂದ ಒತ್ತಿ ನೋಡಿ. ಬಾಟಲಿ ತುಂಬಿದೆ ಎಂದು ಸಮಾಧಾನಪಟ್ಟುಕೊಂಡ ಮನೆಯಲ್ಲೇ ಗುಂಡು ಕಚ್ಚಿಕೊಂಡು ಇಲಿ ಬಾಯಾರಿ ಸಾಯುವುದು.

ನಾಲ್ಕು ವಾರ ದಾಟಿದ ಮೇಲೆ ಪರಿಚಯ ಮಾಡಿಸುವ ಹಂತ. ಹೆಣ್ಣಿಲಿಗಳು ಮೂರು ನಾಲ್ಕು ಸೇರಿ ಸುಖವಾಗಿರುತ್ತವೆ. ಗಂಡುಗಳು ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರಾದರೂ ಎರಡೂವರೆ ತಿಂಗಳೊಳಗೆ ಕಚ್ಚಾಡುವುದು ಹೆಚ್ಚು, ಅವನ್ನು ಬೇರೆ ಬೇರೆ ಇಡುವುದೇ ಕ್ಷೇಮ. ಹೆಣ್ಣುಗಳನ್ನು ಸೇರಿಸಲು ಎರಡಕ್ಕೂ ಹೊಸದಾದ ಚಿಕ್ಕ ಡಬ್ಬ ತಗೊಳ್ಳಿ, ಹೊಸ ಹಾಸು ಹಾಕಿ, ಚಕ್ರ, ಮನೆ ಏನೂ ಬೇಡ. ಕಾಪಾಡಿಕೊಳ್ಳಲು ಆಸ್ತಿ ಇಲ್ಲದಿದ್ದರೆ ಜಗಳ ಕಡಿಮೆ. ಮೂಸುವುದು, ಅಟ್ಟುವುದು, ಒಂದು ಕಿರುಚುವುದು ಇದೆಲ್ಲ ಸಹಜ. ಬಾಲ ಪಟಪಟ ಬಡಿಯುತ್ತ ಸುತ್ತಿಕೊಂಡು ಉರುಳಿದರೆ, ರಕ್ತ ಕಂಡರೆ ಬೇರೆ ಮಾಡಿ. ಒಟ್ಟಿಗೆ ಗುಂಪುಗಟ್ಟಿ ಮಲಗಿದ ಮೇಲೆ ಒಂದೊಂದೇ ಸಾಮಾನು ಸೇರಿಸುತ್ತ ದೊಡ್ಡ ಪಂಜರಕ್ಕೆ ಸಾಗಿಸಿ.

ಗಂಡು ಹೆಣ್ಣು ಗುರುತಿಸುವುದು ಕಷ್ಟವಲ್ಲ. ಮೂತ್ರದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ದೂರ ಗಂಡಿಗೆ ಹೆಚ್ಚು, ಹೆಣ್ಣಿಗೆ ತೀರ ಕಡಿಮೆ. ಹತ್ತು ದಿನದ ಹೆಣ್ಣುಮರಿಯ ಹೊಟ್ಟೆಯ ಮೇಲೆ ಮೊಲೆತೊಟ್ಟಿನ ಚುಕ್ಕಿಗಳೂ ಕಾಣುತ್ತವೆ. ನಾಲ್ಕು ವಾರ ತುಂಬಿದ ದಿನ ಗಂಡುಮರಿಗಳನ್ನು ತಾಯಿಯಿಂದ, ಅಕ್ಕತಂಗಿಯರಿಂದ ಬೇರೆ ಮಾಡಿ. ಹೆತ್ತ 24 ಗಂಟೆಯೊಳಗೆ ತಾಯಿ ಮತ್ತೆ ಗರ್ಭ ಧರಿಸಬಲ್ಲದು, ಆದ್ದರಿಂದ ಹೆರಿಗೆಗೆ ಮುಂಚೆಯೇ ಗಂಡನ್ನು ತೆಗೆಯಬೇಕು.

ಔಷಧದ ವಿಷಯದಲ್ಲಿ ಒಂದು ಲೆಕ್ಕ ಹೇಳಲೇಬೇಕು. ನುಸಿಗೆ ಐವರ್‌ಮೆಕ್ಟಿನ್ ಒಳ್ಳೆಯ ಮದ್ದು. ಹಾಗೆಂದು ದನಕ್ಕೆ ಕೊಡುವ ಒಂದು ಪರ್ಸೆಂಟ್ ಇಂಜೆಕ್ಷನ್ನಿನ ಒಂದು ಹನಿಯನ್ನು ಇಲಿಯ ಕತ್ತಿಗೆ ಹಚ್ಚುವವರಿದ್ದಾರೆ. ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಮದ್ದಿದೆ, ಒಂದು ಹನಿ 0.05 ಮಿಲಿಲೀಟರ್ ಎಂದರೆ ಅರ್ಧ ಮಿಲಿಗ್ರಾಂ ಆಯಿತು. 30 ಗ್ರಾಂ ಇಲಿಗೆ, ಕಿಲೋಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ, ಬೇಕಾದ್ದು 0.006 ಮಿಲಿಗ್ರಾಂ. ಆ ಒಂದು ಹನಿ ಎಂಬತ್ತು ಪಟ್ಟಿಗೂ ಹೆಚ್ಚು! ಇಲ್ಲೂ ಮೂಲದ ಪ್ರಶ್ನೆ ಬರುತ್ತದೆ. ಸಿಎಫ್-1 ತಳಿಯ ಕೆಲವು ಇಲಿಗಳಲ್ಲಿ ಈ ಮದ್ದು ಮಿದುಳಿಗೆ ಇಳಿಯದಂತೆ ತಡೆಯುವ ವ್ಯವಸ್ಥೆಯೇ ಇಲ್ಲ, ಬೇರೆ ಇಲಿ ತಾಳುವ ಪ್ರಮಾಣ ಅವನ್ನು ಕೊಲ್ಲುತ್ತದೆ. ಪಶುವೈದ್ಯರಿಂದ ತೆಳು ಮಾಡಿಸಿ, ತೂಕ ನೋಡಿಸಿ ಹಾಕಿಸಿ. ಮೊಟ್ಟೆ ಸಾಯುವುದಿಲ್ಲವಾದ್ದರಿಂದ ವಾರ ಹತ್ತು ದಿನಕ್ಕೆ ಮತ್ತೊಮ್ಮೆ ಹಾಕಬೇಕಾಗುತ್ತದೆ.

ವಾರಕ್ಕೊಮ್ಮೆ ತೂಕ ನೋಡುವುದು ಅತ್ಯುತ್ತಮ ಅಭ್ಯಾಸ. ಚಿನ್ನ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ, ಅದರ ಮೇಲೊಂದು ಡಬ್ಬ. 30 ಗ್ರಾಂ ಇದ್ದದ್ದು ಮೂರು ಗ್ರಾಂ ಇಳಿದರೆ ಅದು ಸಣ್ಣ ಸಂಗತಿಯಲ್ಲ, ಹತ್ತನೇ ಒಂದು ಪಾಲು ಮೈ ಕರಗಿದೆ. ಬೆನ್ನು ಗೂನು ಮಾಡಿ ಕೂರುವುದು, ಕೂದಲು ಕೆದರುವುದು, ಕಣ್ಣು ಅರೆಮುಚ್ಚುವುದು, ಕಿವಿಯ ಹತ್ತಿರ ಹಿಡಿದರೆ ಕಟಕಟ ಉಸಿರು ಕೇಳುವುದು, ಇಷ್ಟರಲ್ಲಿ ಯಾವುದು ಕಂಡರೂ ಅಂದೇ ಪಶುವೈದ್ಯರ ಬಳಿ ಹೋಗಿ. ಇಲಿ ಕಾಯಿಲೆಯನ್ನು ಮುಚ್ಚಿಡುತ್ತದೆ, ನಮಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಮೈಕೋಪ್ಲಾಸ್ಮಾಕ್ಕೆ ಕೊಡುವ ಮದ್ದು ರೋಗವನ್ನು ಹತೋಟಿಗೆ ತರುತ್ತದೆ, ಪೂರ್ತಿ ತೊಲಗಿಸುವುದಿಲ್ಲ, ಆದ್ದರಿಂದ ಒಮ್ಮೆ ಬಂದ ಇಲಿಯನ್ನು ಶುದ್ಧ ಗುಂಪಿಗೆ ಮತ್ತೆ ಸೇರಿಸಬೇಡಿ.

ಎತ್ತುವಾಗ ಬಾಲ ಹಿಡಿದು ತೂಗಾಡಿಸಬೇಡಿ. ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದ ಹಾಗೆ, ಕೊಳವೆಯಲ್ಲಿ ಅಥವಾ ಬೊಗಸೆಯಲ್ಲಿ ಎತ್ತಿದ ಇಲಿಗಳು ಕೈಗೆ ತಾವೇ ಹತ್ತಿರ ಬರುತ್ತವೆ, ಬಾಲ ಹಿಡಿದೆತ್ತಿದವು ಹೆದರಿ ದೂರ ಉಳಿಯುತ್ತವೆ. ಟಿಶ್ಯೂ ರೋಲಿನ ರಟ್ಟಿನ ಕೊಳವೆ ಪಂಜರದಲ್ಲೇ ಇರಲಿ. ಇಲಿ ಒಳಹೊಕ್ಕಾಗ ಎರಡು ತುದಿಗೆ ಕೈ ಅಡ್ಡಹಿಡಿದು ಎತ್ತಿ.

ಸಾಕಲು ಆಗುತ್ತಿಲ್ಲ, ಗದ್ದೆಗೆ ಬಿಡಬಹುದೇ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಬಿಡಬೇಡಿ. ಬಿಳಿ ಇಲಿ ಕಾಗೆ, ಬೆಕ್ಕಿನ ಕಣ್ಣಿಗೆ ಒಂದು ಗಂಟೆಯೂ ಮರೆಯಾಗಿ ಉಳಿಯದು. ಉಳಿದರೂ ಊರ ಇಲಿಗಳಿಗೆ ತನ್ನ ಸೋಂಕು ಕೊಟ್ಟು ಅವುಗಳ ಜೊತೆ ಮರಿ ಹಾಕುತ್ತದೆ. ಗಂಡು ಹೆಣ್ಣು ಬೇರೆ ಮಾಡಿ, ಎಲ್ಲಿಂದ ತಂದದ್ದು, ಯಾವ ಮದ್ದು ಹಾಕಿಸಿದ್ದು, ಯಾವುದರ ಜೊತೆ ಇತ್ತು ಎಂದು ಚೀಟಿಯಲ್ಲಿ ಬರೆದು, ಪಂಜರದ ಸಮೇತ ಸಾಕುವವರಿಗೆ ಕೊಡಿ. ತಗೊಂಡವರು ಅದನ್ನು ಬೇರೆ ಕೋಣೆಯಲ್ಲಿಟ್ಟು ಮೊದಲ ದಿನದಿಂದ ನಾಲ್ಕು ವಾರ ಎಣಿಸಲಿ.